ಮೊದಲ ವರ್ಷ ಬರೀ ಸೊಪ್ಪು



ಮನೆಯಲ್ಲೊಂದು ಪುಟ್ಟ ಕೈತೋಟ ಮಾಡಬೇಕು ಅನ್ನಿಸಿದ ಕೂಡಲೇ ಹೆಚ್ಚಿನವರು ಓಡುವುದು ನರ್ಸರಿಗೆ. ಅಲ್ಲಿ ಮೈತುಂಬ ಹೂಬಿಟ್ಟ ಗುಲಾಬಿ ಇರುತ್ತದೆ. ಮೊಣಕಾಲೆತ್ತರಕ್ಕೇ ಕಾಯಿ ಹಿಡಿದು ನಿಂತ ನಿಂಬೆ ಇರುತ್ತದೆ. ದಾಳಿಂಬೆ, ಅಂಜೂರ, ಡ್ರ್ಯಾಗನ್ ಹಣ್ಣು, ಕಂಡದ್ದೆಲ್ಲ ಬೇಕೆನಿಸುತ್ತದೆ. ಆಟೋ ತುಂಬ ಗಿಡ ಮನೆಗೆ ಬರುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗುಲಾಬಿ ಒಣಗಿ ಕಡ್ಡಿಯಾಗಿರುತ್ತದೆ, ನಿಂಬೆಯ ಎಲೆಗಳು ಹುಳದ ಹೊಟ್ಟೆ ಸೇರಿರುತ್ತವೆ, ದಾಳಿಂಬೆ ಬದುಕಿದೆಯೋ ಇಲ್ಲವೋ ಹೇಳಲು ಬಾರದಂತೆ ನಿಂತಿರುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ ಬಿಡಿ’ ಎಂದು ಕುಂಡಗಳನ್ನು ಮೂಲೆಗೆ ಒತ್ತರಿಸಿದರೆ ಅಲ್ಲಿಗೆ ಆ ಮನೆಯ ಕೈತೋಟದ ಕಥೆ ಮುಗಿಯಿತು.

ಈ ಕೈಗುಣದ ಮಾತನ್ನು ನಾನು ಒಪ್ಪುವುದಿಲ್ಲ. ಗಿಡ ಬೆಳೆಸುವ ಕೈ ಪಳಗಬೇಕು, ಅಷ್ಟೇ. ಕೈ ಪಳಗಬೇಕಾದರೆ ಬೇಗ ಹುಟ್ಟಿ, ಬೇಗ ಬೆಳೆದು, ಬೇಗ ಅಡುಗೆಮನೆ ಸೇರುವ ಬೆಳೆ ಬೇಕು. ಹೀಗಾಗಿ ಹೊಸಬರಿಗೆ ನನ್ನದು ಒಂದೇ ಸಲಹೆ: ಮೊದಲ ವರ್ಷ ಸೊಪ್ಪು ಬಿಟ್ಟು ಬೇರೇನನ್ನೂ ಹಾಕಬೇಡಿ.

ಯಾಕೆಂದು ಹೇಳುತ್ತೇನೆ. ಟೊಮೇಟೊ ಬೀಜ ಹಾಕಿ ಮೊದಲ ಹಣ್ಣು ಕೀಳುವುದಕ್ಕೆ ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಅಷ್ಟು ದಿನ ಕಾದ ಮೇಲೆ ಎಲೆ ಮುದುಡಿ ಗಿಡ ಕುಳಿತುಬಿಟ್ಟರೆ ತಪ್ಪಿದ್ದು ಎಲ್ಲಿ? ಬಿಸಿಲು ಸಾಲಲಿಲ್ಲವೋ, ನೀರು ಹೆಚ್ಚಾಯಿತೋ, ಮಣ್ಣು ಗಟ್ಟಿಯಾಯಿತೋ, ಬಿಳಿನೊಣ ನಂಜುರೋಗ ತಂದು ಹಚ್ಚಿತೋ? ಹೊಸಬರಿಗೆ ತಿಳಿಯುವುದಿಲ್ಲ. ದಂಟಿನ ಸೊಪ್ಪು ಹಾಗಲ್ಲ. ಬಿತ್ತಿದ ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಒಂದು ಟೊಮೇಟೊ ಬೆಳೆಯುವ ಹೊತ್ತಿಗೆ ದಂಟನ್ನು ಮೂರು ಸಲ ಬೆಳೆದು ಮುಗಿಸಬಹುದು. ಮೊದಲ ಸಲ ಕೆಟ್ಟರೆ ಹೋದದ್ದು ಒಂದು ಚಿಟಿಕೆ ಬೀಜ. ಎರಡನೆಯ ಸಲ ಜಾಗ ಬದಲಿಸಿ ನೋಡಬಹುದು, ಮೂರನೆಯ ಸಲ ನೀರಿನ ಅಳತೆ ಬದಲಿಸಿ ನೋಡಬಹುದು. ಮಣ್ಣು, ಬೀಜ, ನೀರು, ಹುಳ, ಕೊಯ್ಲು, ಇಡೀ ಕೃಷಿಯ ಪಾಠ ಒಂದೇ ತಿಂಗಳಲ್ಲಿ ಕಣ್ಣೆದುರು ನಡೆದುಹೋಗುತ್ತದೆ.

ಗಿಡಕ್ಕಿಂತ ಮೊದಲು ನೋಡಬೇಕಾದದ್ದು ಬಿಸಿಲನ್ನು. ಟೊಮೇಟೊ, ಬದನೆ, ಮೆಣಸಿನಕಾಯಿಯಂಥ ಕಾಯಿಗಿಡಗಳಿಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಸೊಪ್ಪು ಮೂರು ನಾಲ್ಕು ಗಂಟೆಯ ಬಿಸಿಲಿನಲ್ಲೂ ಸುಧಾರಿಸಿಕೊಳ್ಳುತ್ತದೆ. ರಜೆಯ ದಿನ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಎರಡೆರಡು ಗಂಟೆಗೊಮ್ಮೆ ನಿಮ್ಮ ತಾರಸಿ, ಬಾಲ್ಕನಿ, ಕಿಟಕಿಕಟ್ಟೆ, ಹಿತ್ತಲು ಎಲ್ಲವನ್ನೂ ಒಂದು ಸುತ್ತು ನೋಡಿ, ಬಿಸಿಲು ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ತೋಟದ ಜಾಗವನ್ನು ಆ ಗುರುತುಗಳೇ ತೋರಿಸುತ್ತವೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಈ ಗುರುತು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವಿನ ನಡುಹಗಲುಗಳಲ್ಲಿ ಅವನಿರುವುದು ನಮ್ಮ ಉತ್ತರಕ್ಕೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಹಾಗಾಗಿ ಡಿಸೆಂಬರಿನಲ್ಲಿ ಬಿಸಿಲು ತುಂಬಿಕೊಂಡಿದ್ದ ದಕ್ಷಿಣದ ಬಾಲ್ಕನಿ ಜೂನ್ ಹೊತ್ತಿಗೆ ನೆರಳಾಗುತ್ತದೆ, ಚಳಿಗಾಲವೆಲ್ಲ ಮಂಕಾಗಿದ್ದ ಉತ್ತರದ ಬಾಲ್ಕನಿಗೆ ಬೇಸಿಗೆಯಲ್ಲಿ ಬಿಸಿಲು ಸಿಗುತ್ತದೆ. ‘ಹೋದ ಸಲ ಇಲ್ಲೇ ಚೆನ್ನಾಗಿ ಬಂದಿತ್ತಲ್ಲ, ಈ ಸಲ ಯಾಕೆ ಉದ್ದುದ್ದ ಹೋಗಿ ಬಾಗಿದೆ?’ ಎಂದು ಕೇಳುವವರು ಸೂರ್ಯ ಯಾವ ಕಡೆ ಹೋಗಿದ್ದಾನೆಂದು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಕುಂಡದ ತೋಟಕ್ಕೆ ಒಂದು ಅನುಕೂಲ ಇದೆ: ಬಿಸಿಲು ಸರಿದರೆ ಕುಂಡವನ್ನೂ ಸರಿಸಬಹುದು.

ಬಿಸಿಲು ಅಷ್ಟಕ್ಕಷ್ಟೇ ಇರುವ ಮನೆಯವರು ನಿರಾಸೆಪಡಬೇಕಾಗಿಲ್ಲ. ದೊಡ್ಡಪತ್ರೆ, ಪುದೀನ, ಒಂದೆಲಗ, ವೀಳ್ಯದೆಲೆ, ಇವೆಲ್ಲ ಅರೆನೆರಳಿನಲ್ಲೂ ಬಾಳುವಂಥವು. ಇವಕ್ಕೆ ಬೀಜವೂ ಬೇಡ. ದೊಡ್ಡಪತ್ರೆಯ ಕೊಂಬೆ ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಸಂತೆಯಿಂದ ತಂದ ಪುದೀನ ಕಟ್ಟಿನಲ್ಲಿ ಬಲಿತ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ಬಿಡಿಸಿ, ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನದಲ್ಲಿ ಗಿಣ್ಣುಗಳಿಂದ ಬಿಳಿ ಬೇರು ಇಳಿಯುತ್ತದೆ. ಆಮೇಲೆ ಮಣ್ಣಿಗೆ ನೆಡಿ. ಅದಕ್ಕೆ ಮಾತ್ರ ಬೇರೆಯೇ ಕುಂಡ ಕೊಡಿ. ಪುದೀನ ಪಕ್ಕದವರ ಜಾಗಕ್ಕೆ ನುಗ್ಗುವ ಸ್ವಭಾವದ ಗಿಡ.

ಇನ್ನು ಬೆಳೆಯುವುದು ಯಾವುದರಲ್ಲಿ? ಸೊಪ್ಪಿಗೆ ಆಳವಾದ ಕುಂಡ ಬೇಕಾಗಿಲ್ಲ, ಆರರಿಂದ ಎಂಟು ಅಂಗುಲ ಮಣ್ಣು ಸಾಕು. ಆಳಕ್ಕಿಂತ ಅಗಲ ಮುಖ್ಯ. ಹಣ್ಣಿನ ಕ್ರೇಟಿಗೆ ಹಳೆಯ ಗೋಣಿಚೀಲ ಹಾಸಿ ಮಣ್ಣು ತುಂಬಬಹುದು. ಒಡೆದ ಟಬ್ಬು, ಬಾಯಿ ಸೀಳಿದ ಬಕೆಟ್ಟು ಎಲ್ಲವೂ ನಡೆಯುತ್ತವೆ. ಕೊಳ್ಳುವುದಾದರೆ ಅಗಲದ ಗ್ರೋ ಬ್ಯಾಗ್ ಕೊಳ್ಳಿ. ಯಾವುದೇ ಆಗಲಿ, ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರನ್ನೋ ಹೆಂಚಿನ ಚೂರನ್ನೋ ಇಟ್ಟರೆ ಮಣ್ಣು ಹರಿದುಹೋಗುವುದಿಲ್ಲ, ನೀರು ಹೋಗುತ್ತದೆ.

ತಾರಸಿಯವರಿಗೆ ಭಾರದ ಲೆಕ್ಕ ಗೊತ್ತಿರಬೇಕು. ಇಪ್ಪತ್ತು ಲೀಟರ್ ಹಿಡಿಯುವ ಒಂದು ಬಕೆಟ್ಟಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ತೂಕ ಹತ್ತಿರ ಹತ್ತಿರ 30 ಕಿಲೋ ಆಗುತ್ತದೆ. ಅಂಥ ಹತ್ತು ಬಕೆಟ್ ಎಂದರೆ ಮೂರು ಕ್ವಿಂಟಲ್. ಅವನ್ನು ಚಾವಣಿಯ ನಡುವೆ ಗುಂಪಾಗಿ ಇಡದೆ ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ, ಅಂಚಿನುದ್ದಕ್ಕೂ ಇಡಿ. ಎರಡು ಇಟ್ಟಿಗೆಯ ಮೇಲೆ ಏರಿಸಿಟ್ಟರೆ ಅಡಿಯಲ್ಲಿ ನೀರು ನಿಲ್ಲುವುದಿಲ್ಲ, ಚಾವಣಿಗೆ ತೇವ ಇಳಿಯುವುದಿಲ್ಲ. ಸಿಮೆಂಟಿನ ಕಟ್ಟೆ ಕಟ್ಟಿ ಮಣ್ಣು ತುಂಬಿಸುವ ಯೋಚನೆ ಇದ್ದರೆ ಮೊದಲು ಎಂಜಿನಿಯರನ್ನು ಕೇಳಿ.

ಮಣ್ಣಿನ ಭಾರ ಇಳಿಸುವುದಕ್ಕೂ ಬೇರಿಗೆ ಗಾಳಿ ಸಿಗುವುದಕ್ಕೂ ಸುಲಭದ ಮಿಶ್ರಣ ಒಂದಿದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಪಟ್ಟಣದಲ್ಲಿ ಲಾರಿಯಲ್ಲಿ ಬರುವ ಕೆಂಪು ಮಣ್ಣು ಎಷ್ಟೋ ಸಲ ಕಟ್ಟಡದ ಪಾಯ ತೆಗೆದ ಮಣ್ಣಾಗಿರುತ್ತದೆ. ನೋಡಲು ಬಣ್ಣ ಚೆಂದ, ಒಳಗೆ ಸಾರವಿಲ್ಲ. ಆದ್ದರಿಂದ ಗೊಬ್ಬರದಲ್ಲಿ ಜಿಪುಣತನ ಮಾಡಬೇಡಿ. ಬಯಲುಸೀಮೆಯ ಎರೆಮಣ್ಣು ಕೈಗೆ ಸಿಗುವವರಿಗೆ ಸಾರದ ಚಿಂತೆ ಕಡಿಮೆ, ನೀರು ಬಸಿಯದಿರುವ ಚಿಂತೆ ಹೆಚ್ಚು. ಅವರು ಮರಳನ್ನೂ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಬೇಕು. ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ತೇವವಾದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿ. ಉಂಡೆ ಕಟ್ಟಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು. ತಟ್ಟಿದರೂ ಒಡೆಯದಿದ್ದರೆ ಜೇಡಿ ಹೆಚ್ಚು.

ಗೊಬ್ಬರ ಕಳಿತಿರಬೇಕು ಎಂದೆ. ಹಸಿ ಸಗಣಿ ಹಾಕಿದರೆ ಅದು ಕಳಿಯುವಾಗ ಹುಟ್ಟುವ ಕಾವು ಎಳೆಯ ಬೇರನ್ನು ಸುಡುತ್ತದೆ, ಗೊಬ್ಬರದ ಹುಳವೂ ಬರುತ್ತದೆ. ಕಳಿತ ಗೊಬ್ಬರಕ್ಕೆ ಸಗಣಿಯ ವಾಸನೆ ಇರುವುದಿಲ್ಲ, ಮೊದಲ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ.

ಈಗ ಬಿತ್ತನೆಗೆ ಬರೋಣ. ಬೆಂಗಳೂರು, ಮೈಸೂರಿನ ಕಡೆ ದಂಟು, ಕರಾವಳಿ ಮಲೆನಾಡಿನಲ್ಲಿ ಹರಿವೆ, ಉತ್ತರ ಕರ್ನಾಟಕದಲ್ಲಿ ರಾಜಗಿರಿ ಎನ್ನುವ ಈ ಸೊಪ್ಪಿನ ಬೀಜ ಸಾಸಿವೆಗಿಂತಲೂ ಚಿಕ್ಕದು, ಕಪ್ಪಗೆ ಹೊಳೆಯುತ್ತದೆ. ಚಿಟಿಕೆಯಲ್ಲಿ ಹಿಡಿದು ಉದುರಿಸಿದರೆ ಎಲ್ಲವೂ ಒಂದೇ ಕಡೆ ಬೀಳುತ್ತವೆ. ಅದಕ್ಕೇ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ, ರಂಗೋಲಿ ಪುಡಿ ಬಿಟ್ಟ ಹಾಗೆ ಬೆರಳ ಸಂದಿಯಿಂದ ಉದುರಿಸುತ್ತ ಹೋಗಬೇಕು. ಮೇಲೆ ಬೀಜ ಮರೆಯಾಗುವಷ್ಟು ಮಾತ್ರ ಪುಡಿಗೊಬ್ಬರ. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮೇಲಿದ್ದರೆ ಸಾಕು ಎಂಬುದು ಹೆಚ್ಚಿನ ಬೀಜಗಳಿಗೆ ಹೊಂದುವ ಅಳತೆ. ಬಿತ್ತಿದ ಬೀಜವನ್ನು ಇರುವೆ ಹೊತ್ತುಕೊಂಡು ಹೋಗುವುದುಂಟು. ಕುಂಡದ ಸುತ್ತ ಸ್ವಲ್ಪ ರವೆ ಚೆಲ್ಲಿದರೆ ಇರುವೆ ಅದರ ಹಿಂದೆ ಬೀಳುತ್ತದೆ, ಬೀಜ ಉಳಿದುಕೊಳ್ಳುತ್ತದೆ.

ಮೆಂತ್ಯಕ್ಕೆ ಅಂಗಡಿ ಬೀಜವೂ ಬೇಡ. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬೆಳಗ್ಗೆ ಒತ್ತಾಗಿ ಬಿತ್ತಿದರೆ ಮೂರು ನಾಲ್ಕು ದಿನಕ್ಕೆ ಮಣ್ಣನ್ನು ಎತ್ತಿಕೊಂಡೇ ಮೇಲೆ ಬರುತ್ತದೆ. ಕೊತ್ತಂಬರಿಯದು ಬೇರೆ ಬಗೆ. ನಾವು ಬೀಜ ಎನ್ನುವ ಆ ದುಂಡನೆಯ ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಮಣೆಯ ಮೇಲೆ ಹಾಕಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಉಜ್ಜಿ ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಅದು ಮೊಳೆಯಲು ಎಂಟರಿಂದ ಹದಿನೈದು ದಿನ ತೆಗೆದುಕೊಳ್ಳುತ್ತದೆ. ಆರನೆಯ ದಿನಕ್ಕೇ ಮಣ್ಣು ಕೆದಕಿ ನೋಡುವವರಿಗೆ ಕೊತ್ತಂಬರಿ ಒಲಿಯುವುದಿಲ್ಲ. ಹಳೆಯ ಕಾಳಿನ ಬಗ್ಗೆ ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಆರೇಳಾದರೂ ಮೊಳೆತರೆ ಬಿತ್ತಬಹುದು.

ಬಸಳೆಗೆ ಬಲಿತ ಬಳ್ಳಿಯ ತುಂಡು ಸಾಕು. ಮೂರು ನಾಲ್ಕು ಗಿಣ್ಣಿರುವ ತುಂಡನ್ನು ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಟ್ಟು, ಹತ್ತಲು ಒಂದು ದಾರ ಕಟ್ಟಿ. ಕರಾವಳಿಯ ಹಿತ್ತಲುಗಳಲ್ಲಿ ಬಸಳೆ ಚಪ್ಪರವನ್ನು ಪಾತ್ರೆ ತೊಳೆಯುವ ಜಾಗದ ಹತ್ತಿರವೇ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಅದಕ್ಕೆ ದಿನವೂ ನೀರು ಬೇಕು, ಆ ಜಾಗದಲ್ಲಿ ದಿನವೂ ನೀರು ಹರಿಯುತ್ತಿತ್ತು.

ನೀರಿನ ಮಾತು ಬಂತು. ಹೊಸಬರ ಕೈಯಲ್ಲಿ ಒಣಗಿ ಸಾಯುವ ಗಿಡಗಳಿಗಿಂತ ನೀರು ಕುಡಿದು ಸಾಯುವ ಗಿಡಗಳೇ ಹೆಚ್ಚು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರು ನಿಂತರೆ ಗಾಳಿಗೆ ಜಾಗವಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯದು, ಎಲೆ ಬಾಡುತ್ತದೆ. ಬಾಡಿದ್ದು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ. ಇದನ್ನು ತಪ್ಪಿಸುವ ಉಪಕರಣ ನಿಮ್ಮ ಕೈಯಲ್ಲೇ ಇದೆ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತಂಪಾಗಿ ಮಣ್ಣು ಬೆರಳಿಗೆ ಅಂಟಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ತೊಟ್ಟಿಕ್ಕುವವರೆಗೂ ಹಾಕಿ. ಎಳೆಯ ಮೊಳಕೆಗೆ ಮಾತ್ರ ಹೂಜಲ್ಲಿಯಿಂದಲೋ ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಬಾಟಲಿಯಿಂದಲೋ ಹನಿಹನಿಯಾಗಿ ಹಾಕಬೇಕು. ಮಗ್ಗಿನಲ್ಲಿ ಸುರಿದರೆ ಎಲ್ಲವೂ ಮಲಗಿಬಿಡುತ್ತವೆ. ಅಕ್ಕಿ, ಬೇಳೆ ತೊಳೆದ ನೀರು ಒಳ್ಳೆಯದು. ಉಪ್ಪು ಬಿದ್ದ ನೀರು ಬೇಡ. ನೀರು ಶುದ್ಧಿ ಮಾಡುವ ಯಂತ್ರ ಹೊರಗೆ ಬಿಡುವ ನೀರಿನಲ್ಲೂ ಲವಣ ಹೆಚ್ಚು, ಅದನ್ನು ಗಿಡಕ್ಕೆ ದಿನವೂ ಹಾಕಬೇಡಿ.

ಹತ್ತು ಹನ್ನೆರಡು ದಿನಕ್ಕೆ ಸಸಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಹಳ ಜನರಿಗೆ ಕಿತ್ತುಹಾಕಲು ಮನಸ್ಸು ಬರುವುದಿಲ್ಲ. ಕೀಳಲೇಬೇಕು. ಗಾಳಿಯಾಡದೆ ತೇವ ಹೆಚ್ಚಾದರೆ ಸಸಿಗಳು ಬುಡದಲ್ಲಿ ಕೊಳೆತು ಒಂದೇ ರಾತ್ರಿಗೆ ಒರಗಿಬೀಳುತ್ತವೆ. ಬೆರಳಗಲಕ್ಕೊಂದರಂತೆ ಉಳಿಸಿ ಮಿಕ್ಕಿದ್ದನ್ನು ತೆಗೆಯಿರಿ. ಕಿತ್ತದ್ದು ವ್ಯರ್ಥವಲ್ಲ, ಅದು ನಿಮ್ಮ ಮೊದಲ ಫಸಲು, ತೊವ್ವೆಗೆ ಹಾಕಿ. ದಂಟು ಗೇಣುದ್ದ ಬಂದಾಗ ಬುಡದಲ್ಲಿ ಎರಡು ಅಂಗುಲ, ಒಂದೆರಡು ಎಲೆ ಬಿಟ್ಟು ಕತ್ತರಿಯಿಂದ ಕತ್ತರಿಸಿದರೆ ಪಕ್ಕದಿಂದ ಹೊಸ ಕುಡಿ ಒಡೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣ ಎಂಬ ತಳಿ ಹೀಗೆ ಹಲವು ಸಲ ಕೊಯ್ಯುವುದಕ್ಕೆಂದೇ ಇರುವುದು. ಪಾಲಕ್ಕಿನಲ್ಲಿ ಹೊರಗಿನ ಎಲೆಗಳನ್ನಷ್ಟೇ ಬಿಡಿಸಿಕೊಂಡು ನಡುವಿನ ಸುಳಿಯನ್ನು ಬೆಳೆಯಲು ಬಿಡಿ.

ಹುಳ ಬಂದೇ ಬರುತ್ತದೆ. ಔಷಧಿ ಹುಡುಕುವ ಮೊದಲು ಎಲೆಯನ್ನು ತಿರುಗಿಸಿ ನೋಡಿ. ದಂಟಿನ ಎಲೆಯನ್ನು ಬಲೆ ನೇಯ್ದು ಮಡಚಿಕೊಂಡು ಒಳಗೆ ಕುಳಿತ ಹಸಿರು ಹುಳ ಕಂಡರೆ ಎಲೆಸಮೇತ ಚಿವುಟಿ ತೆಗೆಯಿರಿ. ಎಲೆಯಡಿ ಬಿಳಿ ಬೊಕ್ಕೆಗಳು ಕಂಡರೆ ಅದು ಶಿಲೀಂಧ್ರದ ರೋಗ. ಆ ಎಲೆ ಕಿತ್ತು ಹಾಕಿ, ನೀರನ್ನು ಎಲೆಯ ಮೇಲೆ ಹಾಕುವುದು ಬಿಟ್ಟು ಬುಡಕ್ಕೆ ಹಾಕಿ. ಕುಡಿಯಲ್ಲಿ ಸಸ್ಯಹೇನು ಮುತ್ತಿದ್ದರೆ ಜೊತೆಯಲ್ಲಿ ಇರುವೆಯೂ ಓಡಾಡುತ್ತಿರುತ್ತದೆ, ಹೇನು ಸುರಿಸುವ ಸಿಹಿ ಅಂಟಿಗಾಗಿ. ಜೋರಾಗಿ ನೀರು ಚಿಮ್ಮಿಸಿದರೆ ಅರ್ಧ ಹೇನು ಹೋಗುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ಎರಡು ಹನಿ ಸೋಪಿನ ನೀರು ಹಾಕಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ಸಿಂಪಡಿಸುವ ಮೊದಲು ಇನ್ನೊಮ್ಮೆ ನೋಡಿ: ಕಪ್ಪು ಮೈಗೆ ಕಿತ್ತಳೆ ಮಚ್ಚೆಯಿರುವ, ಒರಟು ಬೆನ್ನಿನ ಪುಟ್ಟ ಹುಳ ಹೇನುಗಳ ನಡುವೆ ಹರಿದಾಡುತ್ತಿದೆಯೇ? ಅದು ಗುಲಗಂಜಿ ಹುಳದ ಮರಿ. ಹೇನು ತಿನ್ನುವುದೇ ಅದರ ಕೆಲಸ. ಅದು ಬಂದಿದ್ದರೆ ನೀವು ಸುಮ್ಮನಿರಿ.

ಗೊಬ್ಬರದ ವಿಷಯದಲ್ಲಿ ಹೊಸಬರಿಗೆ ಸಿಗುವಷ್ಟು ಸಲಹೆ ಇನ್ನಾವುದರಲ್ಲೂ ಸಿಗುವುದಿಲ್ಲ. ಕಾಫಿ ಚರಟ ಹಾಕಿ, ಮೊಟ್ಟೆ ಸಿಪ್ಪೆ ಹಾಕಿ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿ, ಹೀಗೆ. ಇವು ಯಾವುದನ್ನೂ ನೇರವಾಗಿ ಕುಂಡಕ್ಕೆ ಹಾಕಬೇಡಿ. ಎಲ್ಲವೂ ಮೊದಲು ಕಾಂಪೋಸ್ಟ್ ಆಗಲಿ. ಪಕ್ಕಕ್ಕೆ ತೂತು ಹೊಡೆದ ಬಕೆಟ್ಟೊಂದರಲ್ಲಿ ಒಂದು ಪದರ ಹಸಿ ಕಸ, ಅದರ ಮೇಲೆ ಎರಡು ಪದರ ತರಗೆಲೆಯೋ ನಾರಿನ ಪುಡಿಯೋ, ಶುರುವಿಗೆ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೆದಕಿ. ನಾತ ಬಂದರೆ ತೇವ ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ತರಗೆಲೆ ಸೇರಿಸಿ. ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ಹದಿನೈದು ದಿನಕ್ಕೊಂದು ಹಿಡಿ ಕೊಟ್ಟರೆ ಸೊಪ್ಪಿಗೆ ಅಷ್ಟು ಸಾಕು.

ಯಾವ ತಿಂಗಳಲ್ಲಿ ಶುರುಮಾಡುವುದು ಎಂಬ ಪ್ರಶ್ನೆಗೆ ಇಡೀ ಕರ್ನಾಟಕಕ್ಕೆ ಒಂದೇ ಉತ್ತರವಿಲ್ಲ. ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ವಿಜಯಪುರದಲ್ಲಿ ಸುಮಾರು 600. ಕರಾವಳಿಯವರು ಆಷಾಢದ ಮಳೆಗೆ ಹರಿವೆ ಬೀಜ ಚೆಲ್ಲಿದರೆ ಅದು ಅಂಗಳದ ನೀರಿನ ಜೊತೆ ತೋಡು ಸೇರುತ್ತದೆ. ಮಳೆ ಹಿಂದೆ ಸರಿಯುವ ಅಕ್ಟೋಬರ್ ಅವರಿಗೆ ಸರಿಯಾದ ಕಾಲ. ಕಲಬುರಗಿ, ರಾಯಚೂರಿನವರು ಏಪ್ರಿಲ್ ಮೇ ತಿಂಗಳಲ್ಲಿ ಕುಂಡಗಳನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಲ ಬದಿಗೆ ತಂದು, ಮೇಲೆ ಅರ್ಧ ಬಿಸಿಲು ತಡೆಯುವ ನೆರಳು ಬಲೆ ಕಟ್ಟಿಕೊಳ್ಳಬೇಕು, ಹಳೆಯ ಹತ್ತಿ ಸೀರೆಯಾದರೂ ಆದೀತು. ಮೆಂತ್ಯ, ಕೊತ್ತಂಬರಿ, ಪಾಲಕ್ ಚಳಿಗಾಲವನ್ನು ಇಷ್ಟಪಡುತ್ತವೆ. ಸೆಕೆ ಏರಿದರೆ ಕೊತ್ತಂಬರಿ ಎಲೆ ಬಿಡುವುದು ಬಿಟ್ಟು ಹೂವಿಗೆ ಹೋಗುತ್ತದೆ. ದಂಟು, ಬಸಳೆ ಸೆಕೆಗೆ ಹೆದರುವುದಿಲ್ಲ. ಇವೆರಡು ಗುಂಪುಗಳನ್ನು ತಿಳಿದುಕೊಂಡವರ ಮನೆಯಲ್ಲಿ ಸೊಪ್ಪಿಲ್ಲದ ತಿಂಗಳು ಇರುವುದಿಲ್ಲ.

ಹೀಗೆ ಒಂದು ವರ್ಷ ಕೈ ಪಳಗಿದ ಮೇಲೆ ಎರಡನೆಯ ವರ್ಷ ಕಾಯಿಗೆ ಹೋಗಿ. ಬೆಂಡೆಗೆ ಹಳದಿ ನಂಜುರೋಗದ ಕಾಟ ಹೆಚ್ಚು. ಅದನ್ನು ತಡೆಯುವ ಅರ್ಕಾ ಅನಾಮಿಕ ತಳಿಯ ಬೀಜ ಹಾಕಿ. ಟೊಮೇಟೊದಲ್ಲಿ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ, ಆದರೆ ಅದು ಸಂಕರಣ ತಳಿ. ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಹೀರೆ ಬಳ್ಳಿ ಹಾಕಿದವರು ಹೂವೆಲ್ಲ ಉದುರಿತೆಂದು ಗಾಬರಿಯಾಗಬೇಡಿ. ಮೊದಲು ಬರುವುದು ಗಂಡುಹೂ, ಅದು ಉದುರುವುದೇ. ಹೆಣ್ಣುಹೂವಿನ ಹಿಂದೆ ಪುಟ್ಟ ಹೀರೆಕಾಯಿಯ ಆಕಾರವೇ ಇರುತ್ತದೆ. ಹೀರೆ ಅರಳುವುದು ಸಂಜೆ. ಎತ್ತರದ ತಾರಸಿಗೆ ಆ ಹೊತ್ತಿಗೆ ದುಂಬಿಗಳು ಬಾರದಿದ್ದರೆ ಗಂಡುಹೂ ಕಿತ್ತು ಅದರ ಪರಾಗವನ್ನು ನೀವೇ ಹೆಣ್ಣುಹೂವಿಗೆ ಮುಟ್ಟಿಸಿ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮೂರು ನಾಲ್ಕು ಟಬ್ಬಿನ ತೋಟದಿಂದ ತರಕಾರಿಯ ಖರ್ಚು ದೊಡ್ಡದಾಗಿ ಇಳಿಯುವುದಿಲ್ಲ. ಇಳಿಯುವುದು ಸಂತೆಯಿಂದ ತಂದ ಸೊಪ್ಪು ಎರಡು ದಿನಕ್ಕೇ ಬಾಡಿ ಕಸದ ಬುಟ್ಟಿ ಸೇರುವ ನಷ್ಟ. ಒಗ್ಗರಣೆಗೆ ಬೇಕಾದ ನಾಲ್ಕೇ ಎಳೆ ಕೊತ್ತಂಬರಿಯನ್ನು ಆ ಕ್ಷಣಕ್ಕೆ ಚಿವುಟಿಕೊಳ್ಳಬಹುದು. ಅದರ ಮೇಲೆ ಯಾವ ನೀರು ಬಿದ್ದಿದೆ, ಯಾವ ಔಷಧಿ ಬಿದ್ದಿಲ್ಲ ಎಂಬುದೂ ನಿಮಗೆ ಗೊತ್ತಿರುತ್ತದೆ.

ಕೊನೆಯದಾಗಿ, ಕೆಲಸದ ಪಟ್ಟಿ. ನಾಲ್ಕು ಟಬ್ ಹೊಂದಿಸಿಕೊಳ್ಳಿ. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ, ಬಿತ್ತಿದರೆ ಎಲ್ಲವೂ ಒಂದೇ ದಿನ ಕೊಯ್ಲಿಗೆ ಬಂದು ಆಮೇಲೆ ತಿಂಗಳೆಲ್ಲ ಖಾಲಿ. ಈ ಭಾನುವಾರ ಒಂದು ಟಬ್ಬಿಗೆ ದಂಟು, ಮುಂದಿನ ಭಾನುವಾರ ಎರಡನೆಯದಕ್ಕೆ ಮೆಂತ್ಯ, ಅದರ ಮುಂದಿನದಕ್ಕೆ ಕೊತ್ತಂಬರಿ, ನಾಲ್ಕನೆಯದಕ್ಕೆ ಮತ್ತೆ ದಂಟು. ಐದನೆಯ ಭಾನುವಾರ ಮೊದಲ ಟಬ್ಬಿನ ದಂಟು ಕೊಯ್ದು ಬಸ್ಸಾರು ಮಾಡಿ. ಆ ಟಬ್ಬಿನ ಒಂದು ಮೂಲೆಯಲ್ಲಿ ದಷ್ಟಪುಷ್ಟವಾದ ಎರಡು ಗಿಡಗಳನ್ನು ಮಾತ್ರ ಮುಟ್ಟಬೇಡಿ, ಅವು ತೆನೆ ಬಿಟ್ಟು ಒಣಗಲಿ. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಉಳಿಯುವ ಬೀಜ ನಿಮಗೂ ಸಾಕು, ಪಕ್ಕದ ಮನೆಯವರಿಗೂ ಸಾಕು, ಆಮೇಲೂ ಡಬ್ಬಿಯಲ್ಲಿ ಮಿಕ್ಕುತ್ತದೆ.